ದಂಡನೀತಿಯ ವ್ಯಾಸಂಗದಲ್ಲಿ ವಕ್ತೃವೂ ಪ್ರಯೋಕ್ತೃವೂ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿನಯಾಧಿಕಾರಿಕವೆಂಬ ಪ್ರಥಮಾಧಿಕರಣವು ರಾಜಪುತ್ರನ ವಿದ್ಯಾಭ್ಯಾಸಕ್ರಮವನ್ನು ನಿರೂಪಿಸುವುದು. ಆನ್ವೀಕ್ಷಿಕೀ, ತ್ರಯೀ, ವಾರ್ತಾ, ದಂಡನೀತಿ ಎಂದು ವಿದ್ಯೆಗಳು ನಾಲ್ಕು. ಅವುಗಳನ್ನು ಬೋಧಿಸತಕ್ಕವರು ಒಂದೇ ವರ್ಗದವರಲ್ಲ. ತ್ರಯಿಯನ್ನೂ ಆನ್ವೀಕ್ಷಿಕಿಯನ್ನೂ ಶಿಷ್ಟರಿಂದ ಕಲಿಯಬೇಕು. ಕೃಷಿ, ಪಶುಪಾಲನೆ, ವಾಣಿಜ್ಯಗಳನ್ನೊಳಗೊಂಡ ವಾರ್ತೆಯನ್ನು ಅಧ್ಯಕ್ಷರಿಂದ ಕಲಿಯಬೇಕು. ದಂಡನೀತಿಯನ್ನಾದರೋ ವಕ್ತೃಗಳಿಂದಲೂ ಪ್ರಯೋಕ್ತೃಗಳಿಂದಲೂ ಕಲಿಯಬೇಕು. ಶಾಸ್ತ್ರವನ್ನು ವಿವರಿಸಬಲ್ಲವನು ವಕ್ತೃ. ಅದನ್ನು ರಾಜ್ಯಕಾರ್ಯದಲ್ಲಿ ನಡೆಯಿಸಿ ಬಲ್ಲವನು ಪ್ರಯೋಕ್ತೃ. ಇವರಲ್ಲಿ ಒಬ್ಬನಿಂದಲೇ ಈ ವಿದ್ಯೆಯು ಸಿದ್ಧಿಸಲಾರದೆಂಬುದು ಈ ವಿಧಿಯ ತಾತ್ಪರ್ಯ. ಇದು ಪ್ರಾಚೀನರಿಗೆ ಮಾತ್ರ ಅನ್ವಯಿಸುವುದೋ, ಅಥವಾ ಇಂದು ವಿಶ್ವವಿದ್ಯಾನಿಲಯಗಳ ಪ್ರಥಮಪದವಿಯ ತರಗತಿಗಳಲ್ಲಿ ಬೋಧಿಸಲ್ಪಡುವ ರಾಜ್ಯಾಡಳಿತ ಮತ್ತು ಸಮಾಜನೀತಿಗಳಿಗೂ ಅನ್ವಯಿಸುವುದೋ ಎಂಬುದು ವಿಚಾರಾರ್ಹವಾಗಿದೆ.

ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅರ್ಥಶಾಸ್ತ್ರದ ಮೂಲವನ್ನು ಮುದ್ರಿಸಿ ಲೋಕಕ್ಕೆ ಒಪ್ಪಿಸಿದುದು ೧೯೦೯ರಲ್ಲಿ. ಅದೇ ವರ್ಷ ಲಂಡನ್ನಿನಲ್ಲಿ ಬಡವರ ಕಾನೂನನ್ನು ಪರಿಶೀಲಿಸಲು ೧೯೦೫ರಲ್ಲಿ ನೇಮಕವಾಗಿದ್ದ ರಾಜನಿಯೋಗವು ತನ್ನ ವರದಿಯನ್ನು ಸಲ್ಲಿಸಿತು. ಈ ಎರಡು ಘಟನೆಗಳಿಗೆ ಕಾರ್ಯಕಾರಣಸಂಬಂಧವಿಲ್ಲ. ಆದರೆ ಕೌಟಿಲ್ಯನ ವಿಧಿಯ ಪರೀಕ್ಷೆಗೆ ಆ ವರದಿಯಿಂದ ಹುಟ್ಟಿದ ವಾದಕ್ಕಿಂತಲೂ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ.

ಇಂಗ್ಲೆಂಡಿನಲ್ಲಿ ೧೮೩೪ರ ಕಾನೂನಿನ ಮೂಲತತ್ತ್ವವು ಹೀಗಿತ್ತು: ದುಡಿಯಬಲ್ಲ ಬಡವನು ಸಹಾಯವನ್ನಪೇಕ್ಷಿಸಿದರೆ ವರ್ಕ್‌ಹೌಸ್ ಎಂಬ ಗೃಹವನ್ನು ಸೇರಬೇಕು, ಅಲ್ಲಿಯ ಸ್ಥಿತಿಯು ಹೊರಗಣ ಅತ್ಯಂತ ಬಡ ಕೂಲಿಯವನ ಸ್ಥಿತಿಗಿಂತಲೂ ಕೀಳಾಗಿರಬೇಕು. ರಾಜನಿಯೋಗದ ಸದಸ್ಯರಲ್ಲಿ ಭಿನ್ನಾಭಿಪ್ರಾಯವುಂಟಾಗಿ ವರದಿಗಳು ಎರಡಾದುವು. ಬಹುಮತದವರು ದಾರಿದ್ರ್ಯದಲ್ಲಿ ವ್ಯಕ್ತಿಯ ಶೀಲದೋಷಕ್ಕೆ ಹೆಚ್ಚಿನ ಪ್ರಾಧಾನ್ಯವನ್ನು ಕೊಟ್ಟರು. ಬಿಯಾಟ್ರಿಸ್ ವೆಬ್ ಮೊದಲಾದ ಅಲ್ಪಮತದವರಾದರೋ ಬಡವರೆಂಬ ಒಂದು ಜಾತಿಯೇ ಇಲ್ಲವೆಂದು ವಾದಿಸಿದರು. ಅವರ ಮತದಲ್ಲಿ ಬಾಲಕನ ಕಷ್ಟ, ರೋಗಿಯ ಕಷ್ಟ, ವೃದ್ಧನ ಕಷ್ಟ, ನಿರುದ್ಯೋಗಿಯ ಕಷ್ಟ ಬೇರೆಬೇರೆ; ಆದುದರಿಂದ ಅವುಗಳ ಪರಿಹಾರವೂ ಬೇರೆಬೇರೆ ಇಲಾಖೆಗಳಿಗೆ ಸೇರತಕ್ಕದ್ದು. ಬಾಲರು, ವೃದ್ಧರು, ವ್ಯಸನಗ್ರಸ್ತರು, ಅನಾಥರು ಇವರನ್ನು ರಾಜನು ಪೋಷಿಸಬೇಕೆಂದು ಕೌಟಿಲ್ಯನೂ ಜನಪದನಿವೇಶಪ್ರಕರಣದಲ್ಲಿ ವಿಧಿಸಿರುವನು. ಅಲ್ಲಿ ಹೇಳಿರುವುದು ರಾಜನ ಕರ್ತವ್ಯವನ್ನು. ಇಲ್ಲಿ ಚರ್ಚೆಗೆ ಬಂದುದು ಅನಾಥತ್ವದ ಕಾರಣ.

ಕಾರಣವನ್ನು ಅರಿಯುವ ಬಗೆ ಹೇಗೆ? ಈ ಪ್ರಶ್ನೆಯೇ ವ್ಯಾಸಂಗಕ್ರಮವನ್ನು ನಿರ್ಣಯಿಸಿತು. ಅದಕ್ಕೆ ಮೊದಲೇ ಲಂಡನ್ನಿನಲ್ಲಿ ಎರಡು ಧಾರೆಗಳಿದ್ದುವು. ೧೮೬೯ರಲ್ಲಿ ಹುಟ್ಟಿದ ದಾನವ್ಯವಸ್ಥಾಸಂಘವು ಬಡವರ ಮನೆಗಳಿಗೆ ಹೋಗಿ ವಿಚಾರಿಸುವ ಕಾರ್ಯಕರ್ತರ ಶಿಕ್ಷಣಕ್ಕಾಗಿ ೧೯೦೩ರಲ್ಲಿ ಒಂದು ಶಾಲೆಯನ್ನು ತೆರೆಯಿತು. ಇವರು ಪ್ರಯೋಕ್ತೃಗಳು. ಇತ್ತ ವೆಬ್ ದಂಪತಿಗಳು ಮತ್ತು ಅವರ ಸ್ನೇಹಿತರಿಂದ ೧೮೯೫ರಲ್ಲಿ ಸ್ಥಾಪಿತವಾದ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಎಂಬ ವಿದ್ಯಾಲಯದಲ್ಲಿ ಅರ್ಥಶಾಸ್ತ್ರ ರಾಜ್ಯಶಾಸ್ತ್ರಗಳ ಉಪನ್ಯಾಸಗಳು ನಡೆಯುತ್ತಿದ್ದುವು. ೧೯೦೧ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ಈ ವಿಷಯಗಳಲ್ಲಿ ಬಿ. ಎಸ್‌ಸಿ. ಪದವಿಯನ್ನು ಏರ್ಪಡಿಸಿತು. ಇವರು ವಕ್ತೃಗಳು. ೧೯೧೨ರಲ್ಲಿ ಆ ಶಾಲೆಯು ಈ ವಿದ್ಯಾಲಯದಲ್ಲಿ ವಿಲೀನವಾಗಿ ಸಮಾಜವಿಜ್ಞಾನ ಮತ್ತು ಆಡಳಿತದ ವಿಭಾಗವಾಯಿತು. ಅದಕ್ಕೆ ಬೇಕಾದ ದ್ರವ್ಯವನ್ನು ಕೊಟ್ಟವನು ಜಮ್‌ಷೇಟ್‌ಜಿ ತಾತಾನ ಕಿರಿಯ ಮಗನಾದ ರತನ್ ತಾತಾ. ಇಂಗ್ಲೆಂಡಿನ ಬಡತನದ ಕಾರಣವನ್ನು ಶೋಧಿಸುವುದಕ್ಕೆ ಭಾರತದ ಧನವು ವಿನಿಯೋಗವಾದುದು ಸ್ಮರಣಾರ್ಹವಾಗಿದೆ.

ಸಂಗಮದ ಫಲವು ಬೇಗನೆ ಕಾಣಿಸಿತು. ರತನ್ ತಾತಾ ಪ್ರತಿಷ್ಠಾನದ ನಿರ್ದೇಶಕನಾದ ಆರ್. ಎಚ್. ಟಾನಿಯು ಸರಪಣಿ ಮಾಡುವ ಕಸುಬಿನಲ್ಲಿ ಕಾನೂನು ವಿಧಿಸಿದ ಕನಿಷ್ಠ ಕೂಲಿಯಿಂದ ಏನಾಯಿತೆಂಬುದನ್ನು ಪರಿಶೀಲಿಸಿ ೧೯೧೪ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಕೂಲಿ ಹೆಚ್ಚಿದರೆ ಕಸುಬು ನಾಶವಾಗುವುದೆಂಬ ಶಂಕೆಗೆ ಅಲ್ಲಿ ಆಧಾರವು ಕಂಡುಬರಲಿಲ್ಲ. ಅದೇ ವಿಭಾಗಕ್ಕೆ ೧೯೧೨ರಲ್ಲಿ ಉಪನ್ಯಾಸಕನಾಗಿ ಬಂದ ಕ್ಲೆಮೆಂಟ್ ಆಟ್ಲಿಯು ಪೂರ್ವ ಲಂಡನ್ನಿನ ಬಡಕೇರಿಗಳಲ್ಲಿ ಕೆಲಸಮಾಡಿ ಅನುಭವವನ್ನು ಗಳಿಸಿದ್ದವನು. ಆ ವಿದ್ಯಾಲಯಕ್ಕೆ ೧೯೧೯ರಿಂದ ೧೯೩೭ರವರೆಗೆ ನಿರ್ದೇಶಕನಾಗಿದ್ದ ವಿಲಿಯಂ ಬೆವರಿಜ್ಜನು ೧೯೪೨ರಲ್ಲಿ ಸಾಮಾಜಿಕ ವಿಮೆಯ ವರದಿಯನ್ನು ರಚಿಸಿದನು. ೧೯೪೫ರಲ್ಲಿ ಪ್ರಧಾನಿಯಾದ ಆಟ್ಲಿಯ ಸರ್ಕಾರವು ೧೯೪೬ರಲ್ಲಿ ವಿಮಾಶಾಸನವನ್ನು ಅಂಗೀಕರಿಸಿ ೧೯೪೮ರಲ್ಲಿ ರಾಷ್ಟ್ರೀಯ ಆರೋಗ್ಯಸೇವೆಯನ್ನು ಆಚರಣೆಗೆ ತಂದಿತು. ಯುದ್ಧ, ಕಾರ್ಮಿಕಚಳವಳಿ, ನಿರುದ್ಯೋಗದ ಕಹಿನೆನಪು ಇವೂ ಆ ಸುಧಾರಣೆಗೆ ಕಾರಣಗಳಾಗಿದ್ದುವೆಂಬುದನ್ನು ಮರೆಯಲಾಗದು. ಆದರೂ ವಕ್ತೃವಾಗಿದ್ದವನೇ ಪ್ರಯೋಕ್ತೃವಾದ ನಿದರ್ಶನವಿದು.

ಪ್ರಯೋಕ್ತೃವು ವಕ್ತೃವಾದುದಕ್ಕೂ ನಿದರ್ಶನವುಂಟು. ೧೯೫೦ರಲ್ಲಿ ಅಲ್ಲಿಯೇ ಸಮಾಜಾಡಳಿತದ ಪ್ರಥಮ ಪ್ರಾಧ್ಯಾಪಕನಾದ ರಿಚರ್ಡ್ ಟಿಟ್ಮಸ್ಸನಿಗೆ ಯಾವ ವಿಶ್ವವಿದ್ಯಾನಿಲಯದ ಪದವಿಯೂ ಇರಲಿಲ್ಲ. ವಿಮಾಕಚೇರಿಯ ಗುಮಾಸ್ತೆಗಿರಿಯಲ್ಲಿ ಅಂಕಿಅಂಶಗಳನ್ನು ಪರೀಕ್ಷಿಸಿ ಜ್ಞಾನವನ್ನು ಸಂಪಾದಿಸಿದವನು ಆತ. ಸರ್ಕಾರವು ಬಡವನಿಗೆ ಕೊಡುವ ಭತ್ಯವು ಮಾತ್ರ ಸಹಾಯವಲ್ಲ, ಉಳ್ಳವನಿಗೆ ತೆರಿಗೆಯಲ್ಲಿ ಬಿಡುವ ವಿನಾಯಿತಿಯೂ ಸಹಾಯವೇ ಎಂದು ಆತನು ೧೯೫೫ರಲ್ಲಿ ಪ್ರತಿಪಾದಿಸಿದನು. ಅಂದಮೇಲೆ ಈ ಶಾಸ್ತ್ರದ ವಿಷಯವು ಬಡವರು ಮಾತ್ರವಲ್ಲ, ಇಡೀ ಸಮಾಜವೆಂದಾಯಿತು. ಸಮಾಜಾಡಳಿತವೆಂದಿದ್ದ ಹೆಸರು ಮುಂದೆ ಸಮಾಜನೀತಿಯೆಂದು ಮಾರ್ಪಟ್ಟುದು ಈ ವಿಸ್ತಾರಕ್ಕೆ ಅನುರೂಪವಾಗಿಯೇ ಇದೆ.

ಭಾರತದಲ್ಲಿ ಸಮಾಜಸೇವೆಯ ಶಿಕ್ಷಣಕ್ಕಾಗಿ ದೊರಾಬ್ಜಿ ತಾತಾ ನಿಧಿಯಿಂದ ೧೯೩೬ರಲ್ಲಿ ಬೊಂಬಾಯಿಯಲ್ಲಿ ಒಂದು ಶಾಲೆಯು ಹುಟ್ಟಿತು. ಲಂಡನ್ನಿನ ಆ ವಿದ್ಯಾಲಯದಲ್ಲಿಯೇ ವ್ಯಾಸಂಗಮಾಡಿ ೧೯೨೩ರಲ್ಲಿ ಡಿ. ಎಸ್‌ಸಿ. ಪದವಿಯನ್ನು ಪಡೆದ ಡಾಕ್ಟರ್ ಅಂಬೇಡ್ಕರರು ಕರಡುಸಮಿತಿಯ ಅಧ್ಯಕ್ಷರಾಗಿದ್ದ ಸಂವಿಧಾನವು ೧೯೫೦ರಲ್ಲಿ ಜಾರಿಗೆ ಬಂದಿತು. ಅದರ ೪೧ನೆಯ ಅನುಚ್ಛೇದವು ನಿರುದ್ಯೋಗ, ವಾರ್ಧಕ್ಯ, ರೋಗ, ಅಂಗವೈಕಲ್ಯಗಳಲ್ಲಿ ಸಹಾಯವೊದಗಿಸುವುದನ್ನು ರಾಜ್ಯಕ್ಕೆ ನಿರ್ದೇಶಿಸುವುದು. ಆದರೆ ಅದನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸುವಂತಿಲ್ಲ. ಅದು ಸಾರ್ಥಕವಾಗುವುದು ಆಳುವವರ ಮತ್ತು ಆಳುವವರನ್ನು ಆರಿಸುವವರ ತಿಳಿವಳಿಕೆಯಿಂದ.

ಕೌಟಿಲ್ಯನ ಕಾಲದಲ್ಲಿ ದಂಡನೀತಿಯನ್ನು ಕಲಿಯತಕ್ಕವನು ರಾಜಪುತ್ರ. ಪ್ರಜಾಪ್ರಭುತ್ವದಲ್ಲಿ ಆ ಸ್ಥಾನವು ಪ್ರತಿಯೊಬ್ಬ ಮತದಾರನದು. ಪ್ರಥಮಪದವಿಯ ತರಗತಿಯಲ್ಲಿ ಈ ವಿದ್ಯೆಗೆ ಸ್ಥಾನವಿರಬೇಕಾದುದು ಇದರಿಂದಲೇ. ಅದು ಕಂಠಪಾಠಮಾತ್ರವಾದರೆ ವಿದ್ಯೆಯ ಅರ್ಧವು ನಷ್ಟವಾಗುವುದು. ಇಷ್ಟೇ ಅಲ್ಲದೆ ಮೇಲ್ಕಂಡ ಇತಿಹಾಸವು ಕೌಟಿಲ್ಯನ ವಿಧಿಗೆ ಒಂದು ಅಂಗವನ್ನು ಕೂಡಿಸುವುದು. ನೀತಿಯನ್ನು ಹೇಳುವವನು, ನಡೆಯಿಸುವವನು, ಇವರ ಜೊತೆಗೆ ಆ ನೀತಿಯು ಯಾರ ಮೇಲೆ ನಡೆಯುವುದೋ ಅವನೂ ಒಬ್ಬ ಗುರು. ವರ್ಕ್‌ಹೌಸಿನ ಬಾಗಿಲಲ್ಲಿ ನಿಂತವನ ಮಾತನ್ನು ಕೇಳದೆ ೧೮೩೪ರ ತತ್ತ್ವವು ಬಹುಕಾಲ ನಡೆಯಿತು. ಕೇಳತೊಡಗಿದ ಮೇಲೆ ಅದು ನಿಲ್ಲಲಿಲ್ಲ.