ಪದಕದ ಲೆಕ್ಕವಿದೆ, ಪದವಿಯ ಲೆಕ್ಕವೆಲ್ಲಿ?

2020ರಲ್ಲಿ ಭುವನೇಶ್ವರದಲ್ಲಿ ಮೊದಲ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದದ್ದೇ ತಡ, ಕಾಲೇಜು ಕ್ರೀಡೆ ಆಗಲೇ ಹುಟ್ಟಿತೆಂಬಂತೆ ಬರೆಯುವವರು ಹೆಚ್ಚಾದರು. ಬೇರು ಹಳೆಯದು. 1920ರಲ್ಲಿ ಎಚ್.ಸಿ. ಬಕ್ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಸಂಸ್ಥೆ ಕಟ್ಟಿದರು. 1935ರಲ್ಲಿ ಅಂತರ ವಿಶ್ವವಿದ್ಯಾಲಯ ಕ್ರಿಕೆಟ್‌ಗೆ ರೋಹಿಂಟನ್ ಬಾರಿಯಾ ಟ್ರೋಫಿ ಬಂತು, 1956ರ ಹೊತ್ತಿಗೆ ಒಟ್ಟಾರೆ ಸಾಧನೆಗೆ ಮೌಲಾನಾ ಆಜಾದ್ ಟ್ರೋಫಿ.

ಆ ಕಾಲದಲ್ಲಿ ಓದು, ಆಟಗಳ ನಡುವೆ ಆಯ್ಕೆ ಬಂದರೆ ಓದೇ ಗೆಲ್ಲುತ್ತಿತ್ತು. 1962ರಲ್ಲಿ ಟೆಸ್ಟ್ ಆಡಿದ ಎರಪಳ್ಳಿ ಪ್ರಸನ್ನ ಎಂಜಿನಿಯರಿಂಗ್ ಮುಗಿಸಲು ಹಿಂದೆ ಸರಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. 1990ರಲ್ಲಿ ಅನಿಲ್ ಕುಂಬ್ಳೆ ಆರ್.ವಿ. ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ ಟೆಸ್ಟ್‌ಗೆ ಇಳಿದರು, ಪದವಿಯನ್ನೂ ಪಡೆದರು. (ಉದಾಹರಣೆಗೆ ಕ್ರಿಕೆಟಿಗರೇ ಸಿಗುತ್ತಾರೆ. ಕಬಡ್ಡಿ, ಖೋ ಖೋ ಆಡಿದವರ ಓದಿನ ಕಥೆ ಬರೆದಿಟ್ಟವರು ಕಡಿಮೆ.)

ನಮ್ಮ ತಲೆಮಾರಿನ ದೈಹಿಕ ಶಿಕ್ಷಣ ನಿರ್ದೇಶಕರು ಕೆಲಸಕ್ಕೆ ಸೇರಿದ್ದು ವಾರ್ಷಿಕ ಪರೀಕ್ಷೆಯ ಕಾಲದಲ್ಲಿ. ಚಳಿಗಾಲವೆಲ್ಲ ಕ್ರೀಡಾಕೂಟ, ಬೇಸಿಗೆಯ ಬಾಗಿಲಲ್ಲಿ ಪರೀಕ್ಷೆ. ಎರಡು ತಿಂಗಳು ಮೈದಾನದಲ್ಲೇ ಕಳೆದ ಹುಡುಗನಿಗೂ ಕೊನೆಗೆ ಕೂತು ಓದಲು ಸಮಯ ಉಳಿಯುತ್ತಿತ್ತು. ಸಂಜೆ ಅಂಕಣ ಬಿಡುವ ಮುನ್ನ ಯಾರ ನೋಟ್ಸ್ ಯಾರ ಬಳಿ ಇದೆಯೆಂದು ವಿಚಾರಿಸುವುದು ನಮ್ಮ ಕೆಲಸದ ಭಾಗವೇ ಆಗಿತ್ತು. ಅದಕ್ಕೆ ಸುತ್ತೋಲೆ ಬೇಕಿರಲಿಲ್ಲ.

ಸೆಮಿಸ್ಟರ್ ಬಂದ ಮೇಲೆ ಈ ಹೊಂದಾಣಿಕೆ ಮುರಿಯಿತು. ಅಂತರ ವಿಶ್ವವಿದ್ಯಾಲಯ ಕೂಟಗಳ ದಿನಗಳಲ್ಲೇ ಬೆಸ ಸೆಮಿಸ್ಟರ್‌ನ ಪರೀಕ್ಷೆಗಳೂ ಬೀಳತೊಡಗಿದವು. ಕೂಟದಿಂದ ಮರಳಿದ ಹುಡುಗಿ ಓ.ಡಿ. (ಆನ್ ಡ್ಯೂಟಿ) ಪತ್ರ ಹಿಡಿದು ವಿಭಾಗದಿಂದ ವಿಭಾಗಕ್ಕೆ ಸಹಿಗಾಗಿ ಅಲೆಯುತ್ತಾಳೆ. ಹಾಜರಾತಿ ಹೇಗೋ ಸಿಗುತ್ತದೆ. ತಪ್ಪಿದ ಪ್ರಯೋಗಾಲಯದ ತರಗತಿ, ಆಂತರಿಕ ಅಂಕ ಸಿಗುವುದು ಆಯಾ ಮುಖ್ಯಸ್ಥರ ಮನಸ್ಸಿನ ಮೇಲೆ. ಸೆಮಿಸ್ಟರ್ ಸುಧಾರಣೆಯೆಂದು ಹೊಗಳಿದವರು ಕ್ರೀಡಾ ವೇಳಾಪಟ್ಟಿಯನ್ನು ತೆರೆದು ನೋಡಿದಂತಿಲ್ಲ.

ಈಚಿನದು ದತ್ತು ಪದ್ಧತಿ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆ ಪ್ರತಿಭಾವಂತರಿಗೆ ಊಟ, ವಸತಿ, ತರಬೇತಿ, ಶಿಕ್ಷಣ ಕೊಟ್ಟು ಮಂಗಳೂರು ವಿಶ್ವವಿದ್ಯಾಲಯವನ್ನು ಅಥ್ಲೆಟಿಕ್ಸ್‌ನಲ್ಲಿ ಮೇಲೆತ್ತಿತು. 2022ರಲ್ಲಿ ಬೆಂಗಳೂರಲ್ಲಿ ನಡೆದ ಖೇಲೋ ಇಂಡಿಯಾ ಕೂಟದಲ್ಲಿ ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನದೊಂದಿಗೆ ಅಗ್ರಸ್ಥಾನ ಪಡೆಯಿತು. ಬಡ ಮನೆಯ ಮಕ್ಕಳಿಗೆ ಇದರಿಂದ ದಾರಿ ತೆರೆದದ್ದು ನಿಜ. ಆದರೆ ಕಾಲೇಜಿನ ಉಳಿದ ಸಾವಿರ ಮಂದಿ ಆಡುತ್ತಾರೆಯೇ ಎಂಬುದು ಪದಕ ಪಟ್ಟಿಯಲ್ಲಿ ಕಾಣುವುದಿಲ್ಲ.

ಈಗ ಅಮೆರಿಕದ ಮಾದರಿ ಬೇಕೆಂಬ ಕೂಗು. 2025ರಿಂದ ಅಲ್ಲಿನ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು ಎಂಬ ಸುದ್ದಿ ನಮ್ಮವರ ಕಿವಿಗೆ ಬೇಗ ಬಿತ್ತು. ಅಲ್ಲಿನ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ 2000ರ ದಶಕದಲ್ಲೇ ತಂಡವಾರು ಶೈಕ್ಷಣಿಕ ಪ್ರಗತಿಗೆ 1000 ಅಂಕಗಳ ಮಾಪನ ತಂದು, 2011ರಲ್ಲಿ 930ಕ್ಕಿಂತ ಕೆಳಗಿಳಿದ ತಂಡ ಋತುವಿನ ಕೊನೆಯ ಚಾಂಪಿಯನ್‌ಶಿಪ್‌ಗೆ ಅನರ್ಹವೆಂದು ನಿಯಮ ಮಾಡಿತ್ತು. ಅಲ್ಲೂ ಸುಲಭದ ಕೋರ್ಸ್‌ಗಳ ಕಳ್ಳದಾರಿಗಳಿವೆ. ಆದರೂ ಲೆಕ್ಕವೊಂದಿದೆ, ಅದು ಬಹಿರಂಗವಾಗಿದೆ.

ನಮ್ಮಲ್ಲಿ ವಿಶ್ವವಿದ್ಯಾಲಯಗಳು ಪದಕಗಳನ್ನು ಎಣಿಸಿ ಫ್ಲೆಕ್ಸ್ ಕಟ್ಟುತ್ತವೆ. ಆ ಪದಕ ಗೆದ್ದವರಲ್ಲಿ ಎಷ್ಟು ಮಂದಿ ಮೂರು ವರ್ಷದಲ್ಲಿ ಪದವಿ ಮುಗಿಸಿದರು ಎಂಬುದನ್ನೂ ಅದೇ ಫ್ಲೆಕ್ಸ್‌ನಲ್ಲಿ ಹಾಕಲಿ. ಕೂಟಕ್ಕೆ ಹೋದವರಿಗೆ ಮರುಪರೀಕ್ಷೆ ಮುಖ್ಯಸ್ಥರ ಕೃಪೆಯಾಗದೆ ನಿಯಮವಾಗಲಿ. ಅಮೆರಿಕದ ಹಣದ ಮಾತು ಆಮೇಲಾಡೋಣ.