ಬೀದರ ಸೀಮೆಯಲ್ಲಿ ವಿದ್ಯೆಯ ಆಯ್ಕೆ ಮತ್ತು ಕಚೇರಿಯ ಭಾಷೆ

ವಿದ್ಯಾರ್ಥಿಯು ಯಾವ ಶಾಸ್ತ್ರವನ್ನು ವ್ಯಾಸಂಗಮಾಡಬೇಕು, ಯಾವ ವೃತ್ತಿಯನ್ನು ಹಿಡಿಯಬೇಕು ಎಂಬುದಕ್ಕೆ ಆತನ ಅಭಿರುಚಿ, ತಂದೆಯ ಅನುಕೂಲತೆ, ಮನೆತನದ ಕಸುಬು ಎಂಬ ಮೂರು ಕಾರಣಗಳನ್ನು ಸಾಮಾನ್ಯವಾಗಿ ಹೇಳುವುದುಂಟು. ಬೀದರ, ಭಾಲ್ಕಿ, ಔರಾದ ಪ್ರಾಂತದ ವಿದ್ಯಾಭ್ಯಾಸದ ಚರಿತ್ರೆಯನ್ನು ಪರಿಶೀಲಿಸಿದರೆ, ಇವುಗಳಿಗಿಂತ ಬಲವತ್ತರವಾದ ನಾಲ್ಕನೆಯ ಕಾರಣವೊಂದು ಕಾಣಬರುತ್ತದೆ. ಅದು ಕಚೇರಿಯ ಭಾಷೆ. ಇಲ್ಲಿ ವಿದ್ಯೆಯ ಆಯ್ಕೆಯು ಶತಮಾನಗಳವರೆಗೆ ಭಾಷೆಯ ಆಯ್ಕೆಯಾಗಿತ್ತು. ಮನೆಮಾತಿನಲ್ಲಿ ಕಲಿತವನು ಬಹುಮಟ್ಟಿಗೆ ಉದ್ಯೋಗವನ್ನು ಬಿಟ್ಟುಕೊಡಬೇಕಾಗಿತ್ತು. ಈ ಮಾತನ್ನು ಕಾಲಾನುಕ್ರಮವಾಗಿ ಸಮರ್ಥಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಬೀದರಿನ ಉನ್ನತ ವಿದ್ಯೆಯ ಪ್ರಸ್ತಾಪ ಬಂದೊಡನೆ ಎಲ್ಲರ ಮನಸ್ಸಿಗೂ ಬರುವುದು ಮಹಮೂದ ಗವಾನನ ಮದರಸಾ. ಗೀಲಾನ ದೇಶದಿಂದ ಬಂದು ಬಹಮನೀ ರಾಜ್ಯದ ಪ್ರಧಾನಿಯಾದ ಈತನು ಕಟ್ಟಿಸಿದ ಈ ಮೂರಂತಸ್ತಿನ ಭವನವು ಕ್ರಿ. ಶ. 1472ರಲ್ಲಿ ಪೂರ್ತಿಯಾಯಿತು. ಪಾಠಶಾಲೆಗಳು, ಗ್ರಂಥಭಂಡಾರ, ಮಸೀದಿ, ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ವಸತಿಗಳು ಎಲ್ಲವೂ ಅದರೊಳಗೇ ಇದ್ದುವು. ಗವಾನನು ಸ್ವತಃ ಗ್ರಂಥಕರ್ತನು. ಆತನ ‘ಮನಾಜಿರ್-ಉಲ್-ಇನ್ಶಾ’ ಎಂಬುದು ಪತ್ರಲೇಖನಕಲೆಯ ಲಕ್ಷಣಗ್ರಂಥ. ಈ ಸಂಗತಿ ಗಮನಾರ್ಹವಾದುದು. ಅಂದಿನ ಆಡಳಿತದಲ್ಲಿ ಮೇಲೇರಬೇಕೆನ್ನುವವನಿಗೆ ಪಾರಸೀ ಭಾಷೆಯಲ್ಲಿ ಶಾಸ್ತ್ರೀಯವಾಗಿ ಪತ್ರ ಬರೆಯುವ ಸಾಮರ್ಥ್ಯವು ಅತ್ಯಾವಶ್ಯಕವಾಗಿತ್ತು. ಪ್ರಧಾನಿಯೇ ಅದಕ್ಕೆ ಲಕ್ಷಣವನ್ನು ಬರೆದನೆಂದರೆ, ವಿದ್ಯೆಗೂ ಕಚೇರಿಗೂ ಇದ್ದ ಸಂಬಂಧವನ್ನು ಬೇರೆ ಹೇಳಬೇಕಾದುದಿಲ್ಲ. ಗವಾನನು 1481ರಲ್ಲಿ ರಾಜಾಜ್ಞೆಯಿಂದ ವಧಿಸಲ್ಪಟ್ಟನು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಸಂಭವಿಸಿದ ಸ್ಫೋಟದಲ್ಲಿ ಕಟ್ಟಡದ ದೊಡ್ಡ ಭಾಗವೂ ನಾಶವಾಯಿತು. ಆದರೆ ಪಾರಸಿಯ ಪ್ರಾಬಲ್ಯವು ಕಟ್ಟಡದೊಡನೆ ಬೀಳಲಿಲ್ಲ.

ಇದೇ ಕಾಲದಲ್ಲಿ ಹಳ್ಳಿಯ ಹುಡುಗನು ಮಠದಲ್ಲಿ ಅಯ್ಯನವರ ಮುಂದೆ ಕುಳಿತು ಮರಳಿನ ಮೇಲೆ ಕನ್ನಡ ಅಕ್ಷರಗಳನ್ನು ತಿದ್ದುತ್ತಿದ್ದನು. ಕುಲಕರ್ಣಿಯ ದಫ್ತರದಲ್ಲಿ ಮರಾಠಿಯೂ ಮೋಡಿ ಲಿಪಿಯೂ ಬಳಕೆಯಲ್ಲಿದ್ದುವು. ಹೀಗೆ ಮಠಕ್ಕೆ ಕನ್ನಡ, ಹಳ್ಳಿಯ ಲೆಕ್ಕಕ್ಕೆ ಮರಾಠಿ, ಸರಕಾರಕ್ಕೆ ಪಾರಸಿ ಎಂಬ ಶ್ರೇಣಿಯು ಏರ್ಪಟ್ಟಿತು. ಒಬ್ಬನು ಎಷ್ಟು ಮೆಟ್ಟಲು ಏರುವನೋ ಅಷ್ಟು ಮನೆಮಾತಿನಿಂದ ದೂರವಾಗುವನು ಎಂಬುದೇ ಈ ಶ್ರೇಣಿಯ ಧರ್ಮ.

ಆಸಫಜಾಹೀ ಆಳಿಕೆಯಲ್ಲಿ 1884ರ ಸುಮಾರಿಗೆ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ಶ್ರೇಣಿಯ ತುದಿಯಲ್ಲಿದ್ದ ಭಾಷೆ ಬದಲಾಯಿತೇ ಹೊರತು ಶ್ರೇಣಿ ಬದಲಾಗಲಿಲ್ಲ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಉನ್ನತ ಶಾಸ್ತ್ರಗಳನ್ನೆಲ್ಲ ಉರ್ದುವಿನ ಮೂಲಕ ಬೋಧಿಸುವ ಕ್ರಮವು ಮೊದಲಾಯಿತು. ಅದಕ್ಕಾಗಿ ಅಲ್ಲಿ ಭಾಷಾಂತರ ಶಾಖೆಯೊಂದನ್ನು ತೆರೆದು ಶಾಸ್ತ್ರಗ್ರಂಥಗಳನ್ನು ಅನುವಾದಮಾಡಿಸಿದರು. ದೇಶಭಾಷೆಯೊಂದು ವೈದ್ಯ, ವಿಜ್ಞಾನ, ನ್ಯಾಯಶಾಸ್ತ್ರಗಳ ಭಾರವನ್ನು ಹೊರಬಲ್ಲುದೆಂಬುದನ್ನು ಭಾರತಕ್ಕೆ ಮೊದಲು ತೋರಿಸಿಕೊಟ್ಟ ಕೀರ್ತಿ ಉಸ್ಮಾನಿಯಾಕ್ಕೆ ಸಲ್ಲತಕ್ಕುದು. ನಿಷ್ಪಕ್ಷಪಾತಿಯಾದ ಚರಿತ್ರಕಾರನು ಇದನ್ನು ಒಪ್ಪಲೇಬೇಕು. ಆದರೆ ಆ ದೇಶಭಾಷೆಯು ಭಾಲ್ಕಿಯ ಕನ್ನಡ ಬಾಲಕನಿಗಾಗಲಿ ಔರಾದದ ಮರಾಠಿ ಬಾಲಕನಿಗಾಗಲಿ ಮನೆಮಾತಾಗಿರಲಿಲ್ಲವೆಂಬುದೂ ಅಷ್ಟೇ ಸತ್ಯ.

ಆದುದರಿಂದ ಅಂದಿನ ವಿದ್ಯಾರ್ಥಿಯ ಮುಂದೆ ಮೂರು ದಾರಿಗಳಿದ್ದುವು. ಉರ್ದುವಿನಲ್ಲಿ ಓದಿ ಉಸ್ಮಾನಿಯಾ ಪದವಿಯಿಂದ ನಿಜಾಮ ಸರಕಾರದ ನೌಕರಿಯನ್ನು ಸೇರುವುದು ಮೊದಲನೆಯದು. ಇಂಗ್ಲಿಷನ್ನು ಹಿಡಿದು, ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಹೈದರಾಬಾದಿನ ನಿಜಾಮ ಕಾಲೇಜಿನಲ್ಲಿ ಓದುವುದು ಎರಡನೆಯದು. ಸಂಸ್ಥಾನವನ್ನೇ ಬಿಟ್ಟು ಸೊಲ್ಲಾಪುರ, ಧಾರವಾಡ ಮೊದಲಾದೆಡೆಗೆ ಹೋಗಿ ಕನ್ನಡವನ್ನೋ ಮರಾಠಿಯನ್ನೋ ಕಲಿಯುವುದು ಮೂರನೆಯದು. ಸಂಸ್ಥಾನದ ಹುದ್ದೆಗಳು ಇಲ್ಲಿಯವರಿಗೇ ಮೀಸಲೆನ್ನುವ ಮುಲ್ಕಿ ನಿಯಮಗಳು 1919ರಲ್ಲಿ ಸ್ಪಷ್ಟರೂಪವನ್ನು ತಾಳಿದುವು. ಹದಿನೈದು ವರ್ಷಗಳ ವಾಸವಿದ್ದವರೂ ಮುಲ್ಕಿಗಳೆನಿಸುವರು. ಹೊರಗಿನವರ ಸ್ಪರ್ಧೆಯಿಂದ ರಕ್ಷಣೆ ದೊರೆತರೂ ಭಾಷೆಯ ಬಾಗಿಲು ಹಾಗೆಯೇ ಇದ್ದಿತು. ಬೀದರಿನ ಕನ್ನಡಿಗನು ಮುಲ್ಕಿಯಾದರೂ ಉರ್ದು ಬಾರದಿದ್ದರೆ ಹುದ್ದೆಗೆ ಅರ್ಹನಲ್ಲ.

ಈ ಇಕ್ಕಟ್ಟಿಗೆ ಭಾಲ್ಕಿಯಲ್ಲಿ ದೊರೆತ ಉತ್ತರವು ವಿಶಿಷ್ಟವಾದುದು. ಬಹುಕಾಲ ಔರಾದ ತಾಲೂಕಿನಲ್ಲಿದ್ದ ಕಮಲನಗರದಲ್ಲಿ ಜನಿಸಿ, ಭಾಲ್ಕಿ ಹಿರೇಮಠದ ಪೀಠವನ್ನು ಅಲಂಕರಿಸಿದ ಶ್ರೀ ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕವನ್ನು ಹಾಕಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಆ ಪ್ರಾಂತದಲ್ಲಿ ಮನೆಮಾತಾದ ಸಂಗತಿ. ಇದನ್ನು ಭಾಷಾಭಿಮಾನದ ಸಾಹಸವೆಂದು ಕೊಂಡಾಡುವುದು ವಾಡಿಕೆ. ವಿದ್ಯಾಭ್ಯಾಸದ ದೃಷ್ಟಿಯಿಂದ ನೋಡಿದರೆ ಇದಕ್ಕೆ ಮತ್ತೊಂದು ಅರ್ಥವಿದೆ. ಸರಕಾರವು ಕೇಳಿದುದನ್ನು ಫಲಕಕ್ಕೆ ಕೊಟ್ಟು, ಮಗುವಿಗೆ ತಿಳಿಯುವುದನ್ನು ಪಾಠಕ್ಕೆ ಉಳಿಸಿಕೊಂಡ ವಿವೇಕವದು. ಇದರೊಡನೆ ಬಡವಿದ್ಯಾರ್ಥಿಗಳಿಗೆ ಉಚಿತ ಪ್ರಸಾದನಿಲಯವನ್ನೂ ನಡೆಸಿದುದರಿಂದ, ಅನ್ನಕ್ಕಾಗಿ ವಿದ್ಯೆಯನ್ನು ಬಿಡಬೇಕಾದ ಪ್ರಸಂಗವೂ ಎಷ್ಟೋ ಮಂದಿಗೆ ತಪ್ಪಿತು. ಅನ್ನವೂ ಭಾಷೆಯೂ ಜೊತೆಯಾದಾಗಲೇ ಆಯ್ಕೆ ಎಂಬ ಮಾತಿಗೆ ಅರ್ಥ ಬರುವುದು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ಬಳಿಕ ಉಸ್ಮಾನಿಯಾದಲ್ಲಿ ಬೋಧನೆಯು ಇಂಗ್ಲಿಷಿಗೆ ತಿರುಗಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯೇ ಒಡೆದು, ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ, ಜಹೀರಾಬಾದ ಪ್ರದೇಶಗಳು ಆಂಧ್ರಕ್ಕೂ, ಬೀದರ, ಭಾಲ್ಕಿ, ಔರಾದ ಮೊದಲಾದುವು ಮೈಸೂರು ರಾಜ್ಯಕ್ಕೂ ಸೇರಿದುವು. ಎಂಟೇ ವರ್ಷಗಳಲ್ಲಿ ಪದವಿಗಳ ಬೆಲೆ ತಲೆಕೆಳಗಾಯಿತು. ನಿನ್ನೆಯವರೆಗೆ ಹುದ್ದೆಯ ಕೀಲಿಕೈಯಾಗಿದ್ದ ಉರ್ದು ಇಂದು ಅನುಪಯುಕ್ತವಾಯಿತು. ನಿನ್ನೆ ನಷ್ಟದ ದಾರಿಯೆನಿಸಿದ್ದ ಕನ್ನಡವು ಶಿಕ್ಷಕವೃತ್ತಿಗೂ ತಾಲೂಕು ಕಚೇರಿಗೂ ಬೇಕಾಯಿತು. ಇದರಲ್ಲಿ ಕನ್ನಡಿಗರು ಸಂತೋಷಪಡುವುದು ಸಹಜ. ಆದರೆ ಉರ್ದುವಿನಲ್ಲಿ ನಿಷ್ಠೆಯಿಂದ ಓದಿದ ನಡುವಯಸ್ಸಿನ ನೌಕರನೂ, ಮರಾಠಿ ಮನೆಮಾತಿನ ಔರಾದದ ವಿದ್ಯಾರ್ಥಿಯೂ ಅದೇ ಹಳೆಯ ಇಕ್ಕಟ್ಟಿಗೆ ಹೊಸದಾಗಿ ಸಿಕ್ಕಿಬಿದ್ದರೆಂಬುದನ್ನು ಮರೆಯಲಾಗದು.

ವಿಶ್ವವಿದ್ಯಾನಿಲಯಗಳ ಪಲ್ಲಟವೂ ಇದಕ್ಕೆ ಅನುರೂಪವಾಗಿಯೇ ಇದೆ. 1956ಕ್ಕೆ ಮೊದಲು ಉಸ್ಮಾನಿಯಾ, ಬಳಿಕ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ, 1980ರಿಂದ ಗುಲಬರ್ಗಾ, 2023ರಿಂದ ಬೀದರ. ಭಾಲ್ಕಿಯ ಒಂದೇ ಮನೆತನದ ಮುತ್ತಾತ, ತಾತ, ತಂದೆ, ಮಗ ನಾಲ್ವರೂ ಊರು ಬಿಡದೆಯೇ ನಾಲ್ಕು ವಿಶ್ವವಿದ್ಯಾನಿಲಯಗಳ ಪದವೀಧರರಾಗಿರುವುದು ಇಲ್ಲಿ ಸಂಭವನೀಯ. ಕಲಬುರಗಿಗೆ ನೇರವಾದ ರೈಲು ದೊರೆತುದು 2017ರಲ್ಲಿ. ಅದಕ್ಕೂ ಬಹಳ ಹಿಂದಿನಿಂದ ರೈಲಿನ ಸಂಪರ್ಕವಿದ್ದುದು ಹೈದರಾಬಾದಿಗೆ. ವಿದ್ಯಾರ್ಥಿಯ ಮುಖವು ಆ ಕಡೆಗೇ ತಿರುಗಿದುದರಲ್ಲಿ ಆಶ್ಚರ್ಯವಿಲ್ಲ.

ಇಂದು ಆಯ್ಕೆಯ ಕ್ಷೇತ್ರವು ವಿಸ್ತಾರವಾಗಿದೆ. 1980ರಲ್ಲಿ ಬೀದರಿನಲ್ಲಿಯೂ 1982ರಲ್ಲಿ ಭಾಲ್ಕಿಯಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳು ಆರಂಭವಾದುವು. ಪಶುವೈದ್ಯ ವಿಶ್ವವಿದ್ಯಾನಿಲಯವೂ ಸರಕಾರಿ ವೈದ್ಯಕೀಯ ಕಾಲೇಜೂ ಈ ಶತಮಾನದಲ್ಲಿ ಬೀದರಿಗೆ ಬಂದುವು. 1994ರಿಂದ ಸಾಮಾನ್ಯ ಪ್ರವೇಶಪರೀಕ್ಷೆಯು ನಡೆಯುತ್ತಿದೆ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿಯನ್ವಯ ಈ ಪ್ರದೇಶದ ಕಾಲೇಜುಗಳಲ್ಲಿ ನೂರಕ್ಕೆ 70 ಸ್ಥಾನಗಳೂ, ರಾಜ್ಯದ ಇತರ ಭಾಗದಲ್ಲಿ ನೂರಕ್ಕೆ 8 ಸ್ಥಾನಗಳೂ ಸ್ಥಳೀಯರಿಗೆ ಮೀಸಲಾಗಿವೆ. ಮುಲ್ಕಿ ನಿಯಮದ ತತ್ತ್ವವು ನೂರು ವರ್ಷಗಳ ಬಳಿಕ ಸಂವಿಧಾನದ ಆಶ್ರಯದಲ್ಲಿ ಮರಳಿ ಬಂದಂತಾಗಿದೆ. ಆದರೆ ಅಂದಿನಂತೆ ಇಂದೂ ಸ್ಥಳದ ಮೀಸಲಾತಿಯು ಭಾಷೆಯ ತೊಡಕನ್ನು ಬಿಡಿಸಲಾರದು. ವೈದ್ಯಕೀಯಕ್ಕೆ ನೀಟ್ ಎಂಬ ಅಖಿಲ ಭಾರತ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದು; ಕಾಲೇಜನ್ನು ಹೊಕ್ಕಮೇಲೆ ಪಾಠವೆಲ್ಲ ಇಂಗ್ಲಿಷಿನಲ್ಲಿಯೇ. ಪಟ್ಟದ್ದೇವರ ಶಾಲೆಯಲ್ಲಿ ಹೊರಗೆ ಅನ್ಯಭಾಷೆ, ಒಳಗೆ ಕನ್ನಡ. ಈಗ ಹೊರಗಿನ ಫಲಕ ಕನ್ನಡ, ಒಳಗೆ ಅನ್ಯಭಾಷೆ.

ಈ ಚರಿತ್ರೆಯಿಂದ ಎರಡು ಕರ್ತವ್ಯಗಳು ನಿಷ್ಪನ್ನವಾಗುತ್ತವೆ. ಸಾಹಿತ್ಯದ ಅಧ್ಯಾಪಕರು ವೃತ್ತಿಶಿಕ್ಷಣವನ್ನು ಪ್ರತಿಸ್ಪರ್ಧಿಯೆಂದು ಭಾವಿಸದೆ, ಹಳ್ಳಿಯ ವಿದ್ಯಾರ್ಥಿಯು ಕನ್ನಡದಿಂದ ಇಂಗ್ಲಿಷಿಗೆ ದಾಟುವಲ್ಲಿ ಸೇತುವೆಯಾಗಬೇಕಾದುದು ಒಂದು. ಎರಡನೆಯದು ಇನ್ನೂ ತ್ವರೆಯಾದುದು. ಈ ಜಿಲ್ಲೆಯ ಹಳೆಯ ಭೂದಾಖಲೆಗಳೂ ನ್ಯಾಯಾಲಯದ ಕಾಗದಗಳೂ ಉರ್ದುವಿನಲ್ಲಿಯೂ ಮೋಡಿಯಲ್ಲಿಯೂ ಇವೆ. ಅವನ್ನು ಓದಬಲ್ಲವರು ವರ್ಷೇ ವರ್ಷೇ ವಿರಳವಾಗುತ್ತಿರುವರು. ರೈತನ ಹೊಲದ ಹಕ್ಕು ಎಷ್ಟೋ ಸಲ ಇಂತಹ ಒಂದು ಹಾಳೆಯನ್ನೇ ಅವಲಂಬಿಸಿರುತ್ತದೆ. ಬೀದರಿನ ಹೊಸ ವಿಶ್ವವಿದ್ಯಾನಿಲಯವು ಪಾರಸಿ, ಉರ್ದು, ಮೋಡಿ ದಾಖಲೆಗಳನ್ನು ಓದಿ ಕನ್ನಡಕ್ಕೆ ತರುವ ವ್ಯಾಸಂಗವನ್ನು ಏರ್ಪಡಿಸಿದರೆ ಚರಿತ್ರೆಗೆ ಆಕರ, ರೈತನಿಗೆ ನ್ಯಾಯ, ವಿದ್ಯಾರ್ಥಿಗೆ ವೃತ್ತಿ ಮೂರೂ ಏಕಕಾಲದಲ್ಲಿ ಲಭಿಸುವುವು. ಹಿಂದೆ ಒಂದನ್ನು ಹಿಡಿದು ಉಳಿದುವನ್ನು ಬಿಡಿಸಿದ ಭಾಷೆಗಳು ಹೀಗೆ ಒಂದೇ ಪಾಠಶಾಲೆಯಲ್ಲಿ ಸೇರುವುದಕ್ಕೆ ಬೀದರಿಗಿಂತ ಯೋಗ್ಯವಾದ ಸ್ಥಳವಿಲ್ಲ.