ಹೆಗ್ಗೋಡಿನ ನಾಟಕ ಸಂಘವೂ ನಮ್ಮ ಸಹಕಾರ ಸಂಘವೂ

ನಮ್ಮ ಸಂಘ ಇಪ್ಪತ್ತೈದು ವರ್ಷ ಪೂರೈಸಿದ ಈ ಸಂತೋಷದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕ ಮಂಡಳಿಯವರು ನಮಗೆ ಹೇಳಿದರು. ನಾವು ಎಸ್ಸೆಸ್ಸೆಲ್ಸಿ ಮುಗಿಸಿ ತೋಟಕ್ಕೆ ಇಳಿದವರು, ಬರವಣಿಗೆ ನಮ್ಮ ಕಸುಬಲ್ಲ. ಗೊಬ್ಬರದ ದಾಸ್ತಾನು, ಸಾಲದ ವಸೂಲಿ, ಲಾಭ-ನಷ್ಟ ಇವೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಹೇಗೂ ಬರುತ್ತವೆ. ಆದ್ದರಿಂದ ನಾವು ನಮ್ಮದೇ ತಾಲ್ಲೂಕಿನ ಬೇರೊಂದು ಸಂಘದ ಚರಿತ್ರೆಯನ್ನು ಇಲ್ಲಿ ಹೇಳಲು ಬಯಸುತ್ತೇವೆ. ಅದಕ್ಕೆ ಕಾರಣವೂ ಉಂಟು.

ಹೋದ ವರ್ಷದ ಮಹಾಸಭೆಯಲ್ಲಿ, ಬೆಳ್ಳಿಹಬ್ಬಕ್ಕೆ ಮುಂಚಿತವಾಗಿ ಒಂದು ಶನಿವಾರ, ಭಾನುವಾರ ಸಾಹಿತ್ಯ ಗೋಷ್ಠಿ ಮತ್ತು ನಾಟಕ ಇಟ್ಟುಕೊಳ್ಳೋಣ, ಖರ್ಚನ್ನು ಸಾಮಾನ್ಯ ಹಿತ ನಿಧಿಯಿಂದ ತೆಗೆಯೋಣ ಎಂಬ ಸಲಹೆ ಬಂತು. ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ತಮ್ಮಾ, ಗೊಬ್ಬರ ಮಾರೋ ಸೊಸೈಟಿಗೆ ನಾಟಕ ಎಂತಕ್ಕೆ? ಎಲೆಚುಕ್ಕಿ ರೋಗ ಬಂದು ತೋಟ ಹಾಳಾಗ್ತಾ ಉಂಟು. ಆ ದುಡ್ಡಲ್ಲಿ ಔಷಧಿ ಕೊಡಿ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಿಜ ಹೇಳಬೇಕೆಂದರೆ ಅಂದು ನಾವೂ ಅವರ ಪರವಾಗಿಯೇ ಕೈ ಎತ್ತಿದವರು. ನಿಧಿಯ ದುಡ್ಡು ಮುಟ್ಟಬಾರದು ಎಂದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತು. ಆದರೆ ಮನೆಗೆ ಬಂದ ಮೇಲೆ "ನಾಟಕ ಎಂತಕ್ಕೆ" ಅನ್ನೋ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಯಾಕೆಂದರೆ ಅದಕ್ಕೆ ಉತ್ತರ ನಮ್ಮ ಸಾಗರ ತಾಲ್ಲೂಕಿನಲ್ಲೇ ಇದೆ.

ಸಾಗರದ ಹತ್ತಿರದ ಹೆಗ್ಗೋಡು ಒಂದು ಸಣ್ಣ ಊರು. ಅಡಿಕೆ ತೋಟ, ಗದ್ದೆ, ಬೆಟ್ಟ, ಅಲ್ಲೊಂದು ಇಲ್ಲೊಂದು ಮನೆ. ಸ್ವಾತಂತ್ರ್ಯ ಬಂದು ಎರಡು ವರ್ಷಕ್ಕೆ, ಅಂದರೆ 1949ರಲ್ಲಿ, ಅಲ್ಲಿನವರು ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಎಂದು ಒಂದು ಹವ್ಯಾಸಿ ಸಂಘ ಕಟ್ಟಿದರು. ಹೆಸರಿನ ಮೊದಲಕ್ಷರಗಳು ಸೇರಿ ಅದೇ ಮುಂದೆ ನೀನಾಸಂ ಆಯಿತು. ಅಂಥ ನಾಟಕ ಸಂಘಗಳು ಆಗ ಎಷ್ಟೋ ಊರುಗಳಲ್ಲಿ ಇದ್ದವು. ದೇವರ ಕಾರ್ಯಕ್ಕೋ ಸುಗ್ಗಿ ಮುಗಿದ ಮೇಲೋ ಒಂದು ನಾಟಕ ಆಡಿ, ಪರದೆ ಸುತ್ತಿ ಅಟ್ಟಕ್ಕೆ ಹಾಕಿದರೆ ಆಯಿತು. ನಮ್ಮೂರಿನಲ್ಲೂ ಇತ್ತಂತೆ. ಈಗ ಪರದೆಯೂ ಇಲ್ಲ, ಅಟ್ಟವೂ ಇಲ್ಲ.

ಹೆಗ್ಗೋಡಿನ ಸಂಘ ಮಾತ್ರ ಉಳಿಯಿತು, ಬೆಳೆಯಿತು. ಅದಕ್ಕೆ ಮುಖ್ಯ ಕಾರಣರಾದವರು ಕೆ.ವಿ. ಸುಬ್ಬಣ್ಣನವರು. 1932ರಲ್ಲಿ ಹುಟ್ಟಿದ ಅವರು ಮೈಸೂರಿನಲ್ಲಿ ಓದಿ, ಪೇಟೆಯಲ್ಲಿ ನೌಕರಿ ಹಿಡಿಯದೆ ಊರಿಗೆ ಮರಳಿ ಅಡಿಕೆ ಕೃಷಿ ಮಾಡಿಕೊಂಡೇ ಈ ಕೆಲಸ ನಡೆಸಿದರು. ಅಕ್ಷರ ಪ್ರಕಾಶನ ಎಂಬ ಪುಸ್ತಕ ಪ್ರಕಾಶನವನ್ನೂ ಊರಿನಿಂದಲೇ ಮಾಡಿದರು. 1972ರಲ್ಲಿ ಊರಿಗೆ ಒಂದು ರಂಗಮಂದಿರವಾಯಿತು. ಅದಕ್ಕೆ ಶಿವರಾಮ ಕಾರಂತರ ಹೆಸರು ಇಟ್ಟರು. 1973ರಲ್ಲಿ ಚಿತ್ರಸಮಾಜ ಹುಟ್ಟಿತು. ಸತ್ಯಜಿತ್ ರಾಯ್, ಜಪಾನಿನ ಕುರೊಸಾವಾ ಇವರ ಸಿನೆಮಾಗಳನ್ನು ರೈತರೂ ಕೂಲಿಯವರೂ ಕೂತು ನೋಡಿದರು. ಹಳ್ಳಿ ಜನಕ್ಕೆ ಇದೆಲ್ಲ ಅರ್ಥ ಆಗೋದುಂಟಾ ಎಂದು ಕೇಳಿದ ಪೇಟೆಯವರಿಗೆ ಹೆಗ್ಗೋಡಿನವರು ಮಾತಿನಲ್ಲಿ ಉತ್ತರ ಕೊಡಲಿಲ್ಲ, ಇನ್ನೊಂದು ಸಿನೆಮಾ ತೋರಿಸಿದರು.

1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು. ನಾಡಿನ ಮೂಲೆ ಮೂಲೆಯ ಹುಡುಗ ಹುಡುಗಿಯರು ಬಂದು ಒಂದು ವರ್ಷ ಇದ್ದು ನಾಟಕದ ವಿದ್ಯೆ ಕಲಿಯತೊಡಗಿದರು. 1985ರಲ್ಲಿ 'ತಿರುಗಾಟ' ಹೊರಟಿತು. ಯಕ್ಷಗಾನ ಮೇಳದ ತಿರುಗಾಟ ನಮ್ಮ ಮಲೆನಾಡಿಗೆ ಹೊಸತೇನಲ್ಲ, ಹೆಸರೂ ಅಲ್ಲಿಂದಲೇ ಬಂದದ್ದು. ನಾಟಕಗಳನ್ನು ಮಳೆಗಾಲದಲ್ಲಿ ಕಲಿತು, ಮಳೆ ಮುಗಿದ ಮೇಲೆ ಸಾಮಾನು ಕಟ್ಟಿಕೊಂಡು ಊರೂರಿಗೆ ಹೋಗುವುದು ಅದರ ಕ್ರಮ. ಆಟ ಆಡಿಸುವ ಊರಿನವರು ವೇದಿಕೆ, ಊಟ, ವಸತಿ ನೋಡಿಕೊಳ್ಳಬೇಕು. ನಾವು ಹೈಸ್ಕೂಲು ಹುಡುಗರಾಗಿದ್ದಾಗ ಶಾಲೆಯ ಮೈದಾನದಲ್ಲಿ ತಿರುಗಾಟದ ನಾಟಕ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಟ ಮುಗಿದ ಮೇಲೆ ರಾಜನ ಪಾತ್ರ ಮಾಡಿದವನೇ ಬಂದು ಲಾರಿಗೆ ಪೆಟ್ಟಿಗೆ ಹೊರುತ್ತಿದ್ದ. ನಾಟಕದ ಕಥೆ ಮರೆತಿದ್ದೇವೆ, ಅದು ಮಾತ್ರ ಮರೆತಿಲ್ಲ.

ಪ್ರತಿ ವರ್ಷ ಅಕ್ಟೋಬರಿನ ಹೊತ್ತಿಗೆ ಹೆಗ್ಗೋಡಿನಲ್ಲಿ ನಡೆಯುವ ಸಂಸ್ಕೃತಿ ಶಿಬಿರದ ವಿಷಯ ಕೇಳದವರು ಕಡಿಮೆ. ಸಿನೆಮಾ ನೋಡುವುದನ್ನು ಕಲಿಸುವ ರಸಗ್ರಹಣ ಶಿಬಿರವಾಗಿ ಮೊದಲಾದದ್ದು ಕ್ರಮೇಣ ಸಾಹಿತ್ಯ, ಸಂಗೀತ, ನಾಟಕ ಎಲ್ಲವನ್ನೂ ಸೇರಿಸಿಕೊಂಡಿತು. ಹಗಲು ಉಪನ್ಯಾಸ ಮತ್ತು ಚರ್ಚೆ, ರಾತ್ರಿ ನಾಟಕ. ಯು.ಆರ್. ಅನಂತಮೂರ್ತಿಯವರಂಥ ದೊಡ್ಡವರು ಮಾತಾಡುತ್ತಿದ್ದ ಚಪ್ಪರದಲ್ಲೇ ಮೇಷ್ಟ್ರು, ಅಂಚೆಯವರು, ತೋಟದವರು ಎದ್ದು ಪ್ರಶ್ನೆ ಕೇಳಬಹುದಿತ್ತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಇಡೀ ತಾಲ್ಲೂಕಿಗೇ ಬಂದಷ್ಟು ಹೆಮ್ಮೆಯಾಯಿತು ಎಂದು ನಮ್ಮ ಹಿರಿಯರು ಹೇಳುತ್ತಾರೆ. 2005ರ ಜುಲೈ 16ರಂದು ಅವರು ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. ಇದೇ ಮುಖ್ಯ. ಒಬ್ಬರ ದಾನದಿಂದ ನಡೆಯುವ ಉತ್ಸವ ಅವರೊಂದಿಗೇ ಮುಗಿಯುತ್ತದೆ. ಸಂಘವಾಗಿ ಕಟ್ಟಿದ್ದು ಮುಂದಿನವರ ಕೈಗೆ ದಾಟುತ್ತದೆ.

ಸಹಕಾರಿಗಳಿಗೆ ಈ ಮಾತು ಹೊಸದಲ್ಲ. 1904ರಲ್ಲಿ ಸಹಕಾರ ಕಾಯಿದೆ ಬಂದು, ಮಾರನೇ ವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದಾಗಿನಿಂದ ನಾವು ನಂಬಿಕೊಂಡು ಬಂದದ್ದು ಇದನ್ನೇ. ಷೇರು ಒಂದಿರಲಿ ನೂರಿರಲಿ, ಸದಸ್ಯನಿಗೆ ಮತ ಒಂದೇ. ನಾಟಕದಲ್ಲೂ ಹಾಗೆಯೇ. ಹತ್ತು ಎಕರೆಯವನಿಗೂ ಕೂಲಿಯವನಿಗೂ ಚಾಪೆ ಒಂದೇ, ನಗು ಬಂದರೆ ಇಬ್ಬರಿಗೂ ಒಟ್ಟಿಗೇ ಬರಬೇಕು.

ಇದೆಲ್ಲ ಯೋಚಿಸಿ, ನಿಧಿ ಮುಟ್ಟದೆ ಹಬ್ಬ ಮಾಡೋಣ ಎಂದು ನಾವೇ ಆಡಳಿತ ಮಂಡಳಿಯ ಮುಂದೆ ಹೇಳಿದೆವು. ಮನೆಗೊಂದಿಷ್ಟು ಅಕ್ಕಿ, ಬೆಲ್ಲ, ತೆಂಗಿನಕಾಯಿ ಸೇರಿಸಿ ಕಳೆದ ಫೆಬ್ರವರಿಯಲ್ಲಿ ಎರಡು ದಿನದ ಹಬ್ಬ ಗೋದಾಮಿನ ಅಂಗಳದಲ್ಲಿ ನಡೆಯಿತು. ಶಾಲೆಯ ಮಕ್ಕಳು ಕವಿತೆ ಓದಿದರು, ಊರ ಹುಡುಗರು ನಾಟಕ ಆಡಿದರು. ಔಷಧಿ ಬೇಕೆಂದ ಹಿರಿಯರು ಮುಂದಿನ ಸಾಲಿನಲ್ಲೇ ಕೂತಿದ್ದರು. ಕೊನೆಗೆ ಲೆಕ್ಕದಲ್ಲಿ ಸ್ವಲ್ಪ ಕೊರತೆ ಬಿತ್ತು, ನಿರ್ದೇಶಕರು ಹಂಚಿಕೊಂಡೆವು. ಎಲ್ಲರೂ ಭೇಷ್ ಎಂದರು.

ಆದರೆ ಮರುದಿನ ಚಾಪೆ ಸುತ್ತುವಾಗ ನಮಗೆ ಎರಡು ಸಂಗತಿ ಹೊಳೆದವು. ಎರಡೂ ರಾತ್ರಿ ನಮ್ಮ ಮನೆಯವರೂ ಅಕ್ಕಪಕ್ಕದ ಹೆಂಗಸರೂ ಅಡುಗೆ ಚಪ್ಪರದಲ್ಲೇ ಇದ್ದರು. ನಾಟಕ ಹೇಗಿತ್ತು ಎಂದು ಕೇಳಿದರೆ, "ಕೇಳಿಸ್ತಾ ಇತ್ತು, ನೋಡ್ಲಿಕ್ಕೆ ಎಲ್ಲಾಯ್ತು" ಎಂದರು. ಇನ್ನೊಂದು, ನಮ್ಮ ತೋಟಗಳಲ್ಲೇ ದುಡಿಯುವ ಮೇಲಿನ ಕೇರಿಯಿಂದ ಒಬ್ಬರೂ ಬಂದಿರಲಿಲ್ಲ. ಕೇಳಿದರೆ, ಕರೆಯ ಬಂದಿಲ್ಲ ಎಂದರು. ಹೌದು, ನಾವು ಆಮಂತ್ರಣ ಕೊಟ್ಟದ್ದು ಷೇರುದಾರರ ಪಟ್ಟಿ ನೋಡಿ. ಆ ಕೇರಿಯವರ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಉತ್ತರ ಕನ್ನಡದ ಮಂಚಿಕೇರಿಯ ಸಿದ್ದಿ ಜನರನ್ನೇ ನಟರನ್ನಾಗಿ ಮಾಡಿ ಆಫ್ರಿಕಾದ ಕಾದಂಬರಿಯೊಂದನ್ನು ರಂಗಕ್ಕೆ ತಂದವರು ಹೆಗ್ಗೋಡಿನವರು. ನಾವು ಗುಡ್ಡದ ಮೇಲಿನ ಕೇರಿಗೂ ಹೋಗಲಿಲ್ಲ. ಒಂದೇ ಚಾಪೆ ಎಂದು ಮೇಲೆ ಬರೆದ ಕೈಯೇ ಇದನ್ನೂ ಬರೆಯಬೇಕಾಗಿದೆ.

ಆದ್ದರಿಂದ ಈ ಬೆಳ್ಳಿಹಬ್ಬದ ಎರಡು ದಿನ ಅಡುಗೆ, ಬಡಿಸುವುದು, ಪಾತ್ರೆ ತೊಳೆಯುವುದು ಗಂಡಸರ ಪಾಳಿ ಎಂದು ಮಂಡಳಿಯಲ್ಲಿ ತೀರ್ಮಾನವಾಗಿದೆ. ಮೇಲಿನ ಕೇರಿಯ ಪ್ರತಿ ಮನೆಗೂ ನಿರ್ದೇಶಕರೇ ಹೋಗಿ ಕರೆಯುವುದು, ಹಾಡು ಗೊತ್ತಿರುವ ಅಲ್ಲಿನ ಅಜ್ಜಿಯರನ್ನು ವೇದಿಕೆಗೂ ಕರೆಯುವುದು ಎಂದಾಗಿದೆ. ಮುಂದಿನ ಮಹಾಸಭೆಗೆ ಅವರ ಹೆಸರು ಷೇರುದಾರರ ಪಟ್ಟಿಯಲ್ಲೂ ಸೇರಬೇಕು ಎನ್ನುವುದು ನಮ್ಮ ಸಲಹೆ.

"ಗೊಬ್ಬರ ಮಾರೋ ಸೊಸೈಟಿಗೆ ನಾಟಕ ಎಂತಕ್ಕೆ" ಎಂದು ಕೇಳಿದ ಹಿರಿಯರಿಗೆ ನಮ್ಮ ವಿನಯಪೂರ್ವಕ ಉತ್ತರ ಇದು: ನಮ್ಮ ಪಟ್ಟಿಯಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದು ಇಪ್ಪತ್ತೈದು ವರ್ಷದ ಆಡಿಟ್ ವರದಿ ತೋರಿಸಲಿಲ್ಲ, ಎರಡು ರಾತ್ರಿಯ ನಾಟಕ ತೋರಿಸಿತು. ಸದಸ್ಯ ಬಾಂಧವರೆಲ್ಲ ಮನೆಮಂದಿ ಸಮೇತ ಬಂದು ಹಬ್ಬವನ್ನು ಚಂದಗಾಣಿಸಿಕೊಡಬೇಕಾಗಿ ಕೋರುತ್ತೇವೆ. ಗಂಡಸರು ಬರುವಾಗ ಹೆಗಲ ಮೇಲೊಂದು ಪಂಚೆ ಇರಲಿ, ಪಾತ್ರೆ ಒರೆಸಲು ಬೇಕಾಗುತ್ತದೆ.